ಸಂಡೂರು ಬೆಟ್ಟದಿಂದ ಕಮಲಾಪುರ ಕೆರೆಗೆ: ಹೂಗಿಡ ಗುರುತಿಸುವ ನಡಿಗೆ

ಹಂಪಿಗೆ ಬಂದವರು ಒಂದು ದಿನ ಹೆಚ್ಚು ಉಳಿದರೆ ಬೆಳಿಗ್ಗೆ ಬೆಟ್ಟದ ಹೂಗಳನ್ನೂ ಸಂಜೆ ಕೆರೆಯಂಚಿನ ಗಿಡಗಳನ್ನೂ ನೋಡಬಹುದು. ಹತ್ತು ಹನ್ನೆರಡು ಜನರ ಗುಂಪಾದರೆ ಎಲ್ಲರಿಗೂ ಗಿಡದ ಹತ್ತಿರ ಕೂರಲು ಜಾಗ ಸಿಗುತ್ತದೆ.

ಯಾವಾಗ? ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಸೆಪ್ಟೆಂಬರಿನ ಸಂಡೂರನ್ನು ಗಾಂಧೀಜಿ ಮೆಚ್ಚಿದ್ದರೆಂದು ಊರಿನವರು ಈಗಲೂ ಹೇಳುತ್ತಾರೆ.

ಹೋಗುವುದು ಹೇಗೆ? ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿ.ಮೀ., ಬಸ್ ಇದೆ. ಮುಂದೆ ಬೆಟ್ಟದಲ್ಲಿರುವ ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಕ್ರೂಸರ್ ಜೀಪು ಮಾತಾಡಿಕೊಳ್ಳಿ. ಕರಡಿ, ಚಿರತೆ ಓಡಾಡುವ ಕಾಡಿದು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ದಾರಿ ಬಲ್ಲ ಸ್ಥಳೀಯರಿಲ್ಲದೆ ಒಳಹೋಗಬೇಡಿ.

ಬೆಟ್ಟದಲ್ಲಿ: ಮೊದಲು ಗೌರಿ ಹೂವನ್ನು ಹುಡುಕಿ. ಮೇಲಕ್ಕೆ ಬಾಗಿದ ಎಸಳುಗಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಹೂವಿಲ್ಲದಿದ್ದರೂ ಗುರುತು ಸಿಗುತ್ತದೆ: ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಪೊದೆಯನ್ನು ಹಿಡಿದಿರುತ್ತದೆ. ಗೆಡ್ಡೆ ಕಡುವಿಷ, ಮುಟ್ಟಬೇಡಿ. ತುಂಬೆಯ ಕಾಂಡ ಚೌಕ, ಬೆರಳಿಗೆ ತಿಳಿಯುತ್ತದೆ. ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡು ಪುಟ್ಟ ನೀಲಿ ಹೂ ಬಿಡುತ್ತದೆ. ಹಲವು ವರ್ಷಕ್ಕೊಮ್ಮೆ ಒಟ್ಟಿಗೆ ಅರಳುವ ಕುರಿಂಜಿಯೂ ಈ ಬೆಟ್ಟಗಳಲ್ಲಿದೆ. ಅರಳದ ವರ್ಷ ಅದರ ಎಲೆ, ಗೆಣ್ಣು ನೋಡಿ ಕಲಿಯಿರಿ.

ನೀರಂಚಿನಲ್ಲಿ: ಮಧ್ಯಾಹ್ನ ಬುತ್ತಿ ಮುಗಿಸಿ, ವಿಜಯನಗರ ಕಾಲದ ಕಮಲಾಪುರ ಕೆರೆಗೆ ಬನ್ನಿ. ಈ ಸೀಮೆಯ ಕೆರೆಗಳಲ್ಲಿನ ತಾವರೆ, ನೈದಿಲೆ ಎರಡನ್ನೂ ಒಂದೇ ಎನ್ನುವವರು ಬಹಳ. ನೈದಿಲೆಯ ಎಲೆಗೆ ಒಂದು ಬದಿ ಸೀಳಿರುತ್ತದೆ, ಅದು ನೀರಿನ ಮೇಲೆ ತೇಲುತ್ತದೆ. ತಾವರೆ ಎಲೆಗೆ ಸೀಳಿಲ್ಲ, ದಂಟು ನಡುವಿಗೆ ಸೇರಿರುತ್ತದೆ. ಕೆಸರಂಚಿನಲ್ಲಿ ಜೊಂಡು, ಗರುಗ, ಹೊನಗೊನ್ನೆ ನೋಡಿ.

ಸಮಯವಿದ್ದರೆ ಮರುದಿನ ಕಂಪ್ಲಿಯ ಗದ್ದೆ ಬದುಗಳಿಗೆ ಹೋಗಿ. ಕಂಪ್ಲಿವರೆಗಿನ ತುಂಗಭದ್ರಾ ಹೊಳೆಯ ಒಂದು ಭಾಗ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಹೊಳೆಯಲ್ಲಿ ಮೊಸಳೆಗಳಿವೆ, ನೀರಿಗಿಳಿಯಬೇಡಿ.

ಜೊತೆಗಿರಲಿ: ಭೂತಗನ್ನಡಿ, ಪುಸ್ತಕ, ಪೆನ್ಸಿಲ್, ಹಿಡಿತವಿರುವ ಬೂಟು, ಎರಡು ಲೀಟರ್ ನೀರು. ಹೂ ಕೀಳಬೇಡಿ. ಹೂವಿನ ಜೊತೆ ಎಲೆ, ಕಾಂಡ, ನೆಲದ ಫೋಟೊ ತೆಗೆದು ದಿನಾಂಕ, ಜಾಗ ಬರೆದು ಪಟ್ಟಿ ಮಾಡಿ. ಈ ಪಟ್ಟಿ ನಿಮಗಷ್ಟೇ ಅಲ್ಲ, ಬೆಟ್ಟಕ್ಕೂ ಬೇಕು. ಅದಿರಿಗಾಗಿ ಅಗೆದ ಗುಡ್ಡಗಳನ್ನು ದಾರಿಯುದ್ದಕ್ಕೂ ಕಾಣುತ್ತೀರಿ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ತಡೆದ ಮೇಲೆ, ಹಾಳಾದ ಜಾಗಗಳಲ್ಲಿ ಮತ್ತೆ ಹಸಿರು ಬೆಳೆಸುವ ಮಾತು ಬಂತು. ಯಾವ ಗಿಡ ಇಲ್ಲಿನದು ಎಂದು ತಿಳಿಯದೆ ಆ ಕೆಲಸ ಆಗದು. ಹಾಗಾಗಿ ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಅರಣ್ಯ ಕಚೇರಿಗೂ ಕೊಟ್ಟು ಬನ್ನಿ.