ದುಡ್ಡಿಲ್ಲವೆಂದು ಮಾತ್ರೆ ಬಿಡಬೇಡಿ

ಪ್ರಶ್ನೆ: ನಮ್ಮದು ಎಚ್.ಡಿ. ಕೋಟೆ ತಾಲ್ಲೂಕು. ಅವ್ವನ ಬಿಪಿ, ಶುಗರ್ ಮಾತ್ರೆಗೇ ಕೂಲಿ ದುಡ್ಡು ಕರಗುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ ತಾಯಿ, ಆದರೆ ಮಾತ್ರೆ ಒಂದು ದಿನವೂ ತಪ್ಪಬಾರದು. ಮೆಟ್‌ಫಾರ್ಮಿನ್, ಆಮ್ಲೊಡಿಪಿನ್‌ನಂಥ ಮಾತ್ರೆಗಳನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಅವ್ವನನ್ನು ಕರೆದೊಯ್ದು ಹೆಸರು ಬರೆಸಿ, ತಿಂಗಳಿಗಾಗುವಷ್ಟು ಕೇಳಿ. ಓಡಾಟ ಕಷ್ಟವಾದರೆ ಆಶಾ ಕಾರ್ಯಕರ್ತೆಯ ನೆರವು ಪಡೆಯಿರಿ.

‘ಸ್ಟಾಕ್ ಇಲ್ಲ’ ಎಂದರೆ ಸುಮ್ಮನೆ ವಾಪಸಾಗಬೇಡಿ. ವೈದ್ಯಾಧಿಕಾರಿಗೆ ಹೇಳಿ, 104 ಆರೋಗ್ಯ ಸಹಾಯವಾಣಿಗೆ ದೂರು ಕೊಡಿ. ಅಷ್ಟರವರೆಗೆ ಪಟ್ಟಣದ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳಿ. ಖಾಲಿ ಸ್ಟ್ರಿಪ್ ಒಯ್ಯಿರಿ: ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರು, ಮಿಲಿಗ್ರಾಂ ಅಚ್ಚಾಗಿರುತ್ತದೆ. ಅವೆರಡೂ ವೈದ್ಯರ ಚೀಟಿಗೆ ತಾಳೆಯಾದರೆ ಸಾಕು. ಔಷಧಿ ಕೇಳುವುದು ಭಿಕ್ಷೆಯಲ್ಲ, ನಿಮ್ಮ ಹಕ್ಕು.