ಕೊಯ್ಯಲೆಂದೇ ನೆಡುವ ಹೂ

ಪುಟ್ಟಿ,

ಹೊಸ ಮನೆಯ ಹಿಂದೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಜಾಗ ಉಳಿದಿದೆ, ಯಾವ ಹೂ ಹಾಕಲಿ ಅಜ್ಜಿ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತು ಹೇಳಿ ಇಟ್ಟುಬಿಡಲು ಮನಸ್ಸು ಬರಲಿಲ್ಲ. ನೀನು ಮಾಡಿದ ಪಟ್ಟಿಯನ್ನು ಎರಡು ಸಲ ಓದಿದೆ. ಎಲ್ಲವೂ ಚೆಂದದ ಹೂವೇ. ಆದರೆ ಅರ್ಧಕ್ಕರ್ಧ ಗಿಡದ ಮೇಲಿದ್ದರಷ್ಟೇ ಚೆಂದ, ಕೊಯ್ದು ಒಳಗೆ ತಂದರೆ ಮಧ್ಯಾಹ್ನದೊಳಗೆ ಸೊರಗಿ ಜೋತುಬೀಳುವಂಥವು. ನಿನಗೆ ಬೇಕಿರುವುದು ದೇವರಿಗೆ, ಮುಡಿಗೆ, ನಡುಮನೆಯ ಹೂದಾನಿಗೆ ಮನೆಯ ಹೂವು. ಹಾಗಿದ್ದರೆ ಪಟ್ಟಿಯ ಒಂದೊಂದು ಹೆಸರಿನ ಮುಂದೆಯೂ ಕೇಳಿಕೋ, ಇದನ್ನು ಕೊಯ್ದರೆ ಗಿಡ ಆಮೇಲೆ ಏನು ಮಾಡುತ್ತದೆ? ಕೊಯ್ದಷ್ಟೂ ಕವಲೊಡೆದು ಮತ್ತೆ ಕೊಡುವ ಗಿಡಕ್ಕೆ ಮೊದಲ ಜಾಗ. ಒಂದೇ ಸಲ ಬಿಟ್ಟು ಮುಗಿಸುವ ಗಿಡಕ್ಕೆ ಉಳಿದ ಜಾಗ.

ನಾನು ಹುಟ್ಟಿದ್ದು ಅರಕಲಗೂಡಿನ ಕಡೆ, ಕೊಟ್ಟಿದ್ದು ಹೊಳೆನರಸೀಪುರಕ್ಕೆ. ತಂಗಿಯನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ಹೀಗಾಗಿ ಒಂದೇ ಜಿಲ್ಲೆಯ ಮೂರು ಮಣ್ಣು ನನ್ನ ಕೈಗೆ ಗೊತ್ತು. ತವರಿನಲ್ಲಿ ಮಳೆ ಹೆಚ್ಚು, ಮಲೆನಾಡಿನ ಸೆರಗು ಅದು. ಮುಂಗಾರಿಗೆ ಮುಂಚೆ ಡೇರೆ ಗೆಡ್ಡೆ ಮಣ್ಣಿಗಿಟ್ಟರೆ ಶ್ರಾವಣದ ಹೊತ್ತಿಗೆ ತಟ್ಟೆಯಗಲದ ಹೂ. ಅದೇ ಗೆಡ್ಡೆಯನ್ನು ತಂಗಿ ಒಯ್ದು ಚನ್ನರಾಯಪಟ್ಟಣದ ಬಿಸಿಲಿಗೆ ಹಾಕಿದಳು. ಗಿಡವೇನೋ ಬಂತು, ಹೂ ನಿಂಬೆಹಣ್ಣಿನ ಗಾತ್ರ ದಾಟಲಿಲ್ಲ. ಆದರೆ ಅವಳ ತೆಂಗಿನ ಮರಗಳ ಚದುರು ನೆರಳಿನಲ್ಲಿ ಕನಕಾಂಬರ ಬಿಡುವ ಹಾಗೆ ನನ್ನ ತವರಿನಲ್ಲಿ ಎಂದೂ ಬಿಡಲಿಲ್ಲ, ಜಡಿಮಳೆಗೆ ಬೇರು ಕೊಳೆತುಹೋಗುತ್ತಿತ್ತು. ನಿನ್ನ ಹಾಸನ ಇವೆರಡರ ನಡುವಿನದು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿನ ಊರು. ಬಡವರ ಊಟಿ ಅಂತ ಸುಮ್ಮನೆ ಕರೆಯಲಿಲ್ಲ. ಸೇವಂತಿಗೆ, ಆಸ್ಟರ್, ಗ್ಲಾಡಿಯೋಲಸ್ ಬೇಡುವುದು ಅದೇ ತಂಪನ್ನು.

ಮೊದಲು ಮಣ್ಣು. ಮನೆ ಕಟ್ಟಿದ ಜಾಗದಲ್ಲಿ ಸಿಮೆಂಟು, ಜಲ್ಲಿ, ಸುಣ್ಣ ಎಲ್ಲ ಹೂತಿರುತ್ತದೆ. ಒಂದಡಿ ಅಗೆಸಿ ತೆಗೆಸಿಬಿಡು, ಇಲ್ಲದಿದ್ದರೆ ಎಲೆ ಹಳದಿಗಟ್ಟಿ ನಿಲ್ಲುತ್ತದೆ, ಎಷ್ಟು ಗೊಬ್ಬರ ಸುರಿದರೂ ಏಳುವುದಿಲ್ಲ. ಹೊರಗಿನಿಂದ ಮಣ್ಣು ತರಿಸುವಾಗ ಅದು ಯಾವ ಹೊಲದ್ದು ಅಂತ ಕೇಳು. ನಮ್ಮ ಕಡೆ ಆಲೂಗೆಡ್ಡೆ, ಶುಂಠಿ ಬೆಳೆಯದ ಹೊಲ ಕಡಿಮೆ. ಅವು ಕೊಳೆತ ಹೊಲದ ಮಣ್ಣಿನಲ್ಲಿ ರೋಗ ವರ್ಷಗಟ್ಟಲೆ ಕುಳಿತಿರುತ್ತದೆ, ನಿನ್ನ ಡೇರೆ ಗೆಡ್ಡೆಗೂ ಹತ್ತುತ್ತದೆ.

ಆಮೇಲೆ ಪಂಚಾಂಗ ತೆಗೆದು ಹಿಂದಕ್ಕೆ ಎಣಿಸು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಒಂದು ಮಾರು ಸೇವಂತಿಗೆಯ ಬೆಲೆ ಕೇಳಿದವಳು ನೀನು, ಹಿತ್ತಿಲಿನ ಹೂವಿನ ಬೆಲೆ ನಿನಗೆ ನಾನು ಹೇಳಬೇಕಿಲ್ಲ. ಚೆಂಡುಹೂವಿಗೆ ಬೀಜದಿಂದ ಹೂವಿನವರೆಗೆ ಮೂರು ತಿಂಗಳು ಹಿಡಿ. ಆಯುಧಪೂಜೆಗೆ ಬೇಕೆಂದರೆ ಆಷಾಢದಲ್ಲೇ ಬೀಜ ಪಾತಿಯಲ್ಲಿರಬೇಕು. ಆಗ ಬಿತ್ತಿದ್ದು ಆಯುಧಪೂಜೆ ದಾಟಿ, ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು, ದೀಪಾವಳಿಯವರೆಗೂ ಒದಗುತ್ತದೆ. ಆದರೆ ಒಂದು ಷರತ್ತು. ನೆಟ್ಟು ತಿಂಗಳು ದಾಟಿದ ಮೇಲೆ ಪ್ರತಿ ಗಿಡದ ನೆತ್ತಿಯ ಕುಡಿಯನ್ನು ಚಿವುಟಬೇಕು. ಮೊದಲ ಮೊಗ್ಗು ಕಾಣುವ ಹೊತ್ತಿಗೆ ಚಿವುಟಲು ಯಾರಿಗೂ ಕೈ ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಚಿವುಟದ ಗಿಡ ನೆಟ್ಟಗೆ ಬೆಳೆದು ತಲೆಯ ಮೇಲೆ ನಾಲ್ಕಾರು ದೊಡ್ಡ ಹೂ ಹೊತ್ತು ಗಾಳಿಗೆ ಬೀಳುತ್ತದೆ. ಚಿವುಟಿದ್ದು ಬುಡದಿಂದಲೇ ಕವಲೊಡೆದು ಪೊದೆಯಾಗಿ ನಿಲ್ಲುತ್ತದೆ.

ಸೇವಂತಿಗೆಯ ವಿಚಾರದಲ್ಲಿ ನಾನೊಂದು ವರ್ಷ ತುಂಬ ನೊಂದುಕೊಂಡೆ. ಕಾಂಪೌಂಡಿನ ಉದ್ದಕ್ಕೆ ಹನ್ನೆರಡು ಗಿಡ ನೆಟ್ಟಿದ್ದೆ, ಹಳದಿ ಸೇವಂತಿಗೆ. ಅದೇ ಮಳೆಗಾಲ ಬೀದಿಗೆ ಹೊಸ ದೀಪದ ಕಂಬ ಬಂತು, ಬೆಳ್ಳಗೆ ಹಗಲಿನಂಥ ಬೆಳಕು. ಕಾರ್ತಿಕ ಬಂದರೂ ಏಳು ಗಿಡಗಳಲ್ಲಿ ಮೊಗ್ಗಿಲ್ಲ. ಎಲೆ ಮಾತ್ರ ಕಡುಹಸಿರು, ಮೊಣಕಾಲು ದಾಟಿ ಬೆಳೆದಿವೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೋಟುಗೋಡೆಯ ಮರೆಯಲ್ಲಿದ್ದ ಐದು ಗಿಡಗಳಲ್ಲಿ ಎಲೆ ಕಾಣದ ಹಾಗೆ ಹೂ. ಒಂದೇ ತಾಯಿಗಿಡದ ಸಸಿಗಳು, ಒಂದೇ ದಿನ ನೆಟ್ಟವು, ಒಂದೇ ಗೊಬ್ಬರ ಉಂಡವು. ಒಂದು ರಾತ್ರಿ ಎದ್ದು ಹೋಗಿ ನೋಡಿದೆ. ಗೋಡೆಯ ನೆರಳು ಎಲ್ಲಿಗೆ ಮುಗಿಯುತ್ತದೋ ಸರಿಯಾಗಿ ಅಲ್ಲಿಗೇ ಹೂವೂ ಮುಗಿದಿತ್ತು. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲು ಬೇಕು. ಮಳೆಗಾಲ ಕಳೆದು ರಾತ್ರಿ ದೊಡ್ಡದಾಗುತ್ತ ಬಂದಂತೆ ಗಿಡ ಅದನ್ನು ಅಳೆದು ಹೂವಿಗೆ ತಿರುಗುತ್ತದೆ. ಬೆಂಗಳೂರಿನ ಸುತ್ತಮುತ್ತ ಸೇವಂತಿಗೆ ಬೆಳೆಯುವ ರೈತರು ರಾತ್ರಿ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಸುವುದು ಇದಕ್ಕೇ, ಹೂವನ್ನು ತಡೆದಿಟ್ಟು ಬೆಲೆ ಬರುವ ಕಾಲಕ್ಕೆ ಬಿಡಿಸಿಕೊಳ್ಳಲು. ನಿನ್ನ ಮನೆಯ ಹಿಂದೆ ಬೀದಿದೀಪದ ಬೆಳಕು ಎಲ್ಲೆಲ್ಲಿ ಬೀಳುತ್ತದೆ ಅಂತ ಒಂದು ರಾತ್ರಿ ನಿಂತು ನೋಡು. ಬೆಳಕಿರುವ ಕಡೆ ಚೆಂಡುಹೂ ಹಾಕು, ಕತ್ತಲಿರುವ ಕಡೆ ಸೇವಂತಿಗೆ. ನಿನ್ನ ಯಜಮಾನರು ಹಿತ್ತಿಲ ಬಾಗಿಲಿನ ದೀಪವನ್ನು ರಾತ್ರಿಯೆಲ್ಲ ಹಾಕಿಡುವವರಾದರೆ ಅದನ್ನೂ ಈಗಲೇ ಮಾತಾಡಿಕೋ.

ನನ್ನನ್ನು ಕೇಳಿದರೆ ನಿನ್ನ ಜಾಗದ ಕಾಲುಭಾಗ ಸುಗಂಧರಾಜಕ್ಕೆ ಕೊಡು. ಮೆಕ್ಸಿಕೋದಿಂದ ಬಂದ ಗಿಡ ಅಂದರೆ ಯಾರೂ ನಂಬಲಾರರು, ಅಷ್ಟು ನಮ್ಮದಾಗಿದೆ. ಅದರಲ್ಲಿ ಒಂಟಿಸುತ್ತಿನದು, ಜೋಡಿಸುತ್ತಿನದು ಅಂತ ಇದೆ. ಕಟ್ಟಲು ಬೇಕಾದರೆ ಒಂಟಿಸುತ್ತಿನದೇ ಆಗಬೇಕು, ಪರಿಮಳವೂ ಅದರದೇ ಹೆಚ್ಚು. ಹೂದಾನಿಗೆ ಜೋಡಿಸುತ್ತಿನದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಂದ ತಳಿಗಳಲ್ಲಿ ಶೃಂಗಾರ್ ಒಂಟಿಸುತ್ತಿನದು, ಸುವಾಸಿನಿ ಹಲವು ಸುತ್ತಿನದು. ಎರಡನ್ನೂ ಇಡು. ಯುಗಾದಿಯ ಆಸುಪಾಸಿನಲ್ಲಿ ಗೆಡ್ಡೆ ಊರಿದರೆ ಮೂರು ತಿಂಗಳ ಮೇಲೆ ಮೊದಲ ದಂಟು ಏಳುತ್ತದೆ, ಮಳೆಗಾಲವಿಡೀ ಒಂದರ ಹಿಂದೆ ಒಂದು. ನೀರು ನಿಲ್ಲುವ ಕಡೆ ಮಾತ್ರ ಬೇಡ. ಮೂರನೆಯ ವರ್ಷ ಮರಿಗೆಡ್ಡೆಗಳು ಒತ್ತಾಗಿ ದಂಟು ಸಣ್ಣಗಾಗುತ್ತದೆ, ಆಗ ಕಿತ್ತು ಬಿಡಿಸಿ ಬೇರೆ ಪಾತಿಗೆ ಹಾಕಬೇಕು.

ಆಸ್ಟರ್ ಒಂದೇ ಸಲ ಬಿಟ್ಟು ಮುಗಿಸುವ ಗಿಡ. ಆದರೂ ಬಿಡಬೇಡ, ಹೂದಾನಿಯಲ್ಲಿ ಅದರಷ್ಟು ದಿನ ನಿಲ್ಲುವ ಹೂ ಹಿತ್ತಿಲಿನಲ್ಲಿ ಸಿಗುವುದು ಕಷ್ಟ. ಬಿಳಿಗೆ ಪೂರ್ಣಿಮಾ, ಗುಲಾಬಿ ಬಣ್ಣಕ್ಕೆ ಕಾಮಿನಿ, ಅವೂ ಹೆಸರಘಟ್ಟದವೇ. ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತಬೇಡ. ಒಂದು ಚಿಟಿಕೆ ಈಗ, ಹದಿನೈದು ದಿನ ಬಿಟ್ಟು ಇನ್ನೊಂದು ಚಿಟಿಕೆ. ಮುಂದಿನ ವರ್ಷ ಅದೇ ಪಾತಿಗೆ ಮತ್ತೆ ಆಸ್ಟರ್ ಹಾಕಿದರೆ ನಿಂತನಿಂತಲ್ಲೇ ಬಾಡುತ್ತದೆ, ಜಾಗ ಬದಲಿಸು. ಗ್ಲಾಡಿಯೋಲಸ್ ಗೆಡ್ಡೆಯನ್ನೂ ಹೀಗೇ ಸ್ವಲ್ಪ ಸ್ವಲ್ಪವಾಗಿ ಊರು. ದಂಟು ಕೊಯ್ಯುವಾಗ ಗಿಡದಲ್ಲಿ ನಾಲ್ಕು ಎಲೆ ಉಳಿಸು, ಮುಂದಿನ ವರ್ಷದ ಗೆಡ್ಡೆಗೆ ಊಟ ಆ ಎಲೆಗಳದ್ದೇ.

ಮುಡಿಯುವ ಹೂವಿಗೆ ಹೆಚ್ಚು ಹೇಳಬೇಕಿಲ್ಲ, ನಿನ್ನ ಅಮ್ಮನಿಗೂ ಗೊತ್ತು. ಒಂದು ದುಂಡುಮಲ್ಲಿಗೆ, ಕಾರ್ತಿಕ ಕಳೆದ ಮೇಲೆ ನೀರು ನಿಲ್ಲಿಸಿ ಚೆನ್ನಾಗಿ ಸವರು, ಆಗಲೇ ಬೇಸಿಗೆಗೆ ಮೈತುಂಬ ಬಿಡುವುದು. ಮಲ್ಲಿಗೆ ಇಲ್ಲದ ತಿಂಗಳಿಗೆ ಎರಡು ಕಾಕಡ. ಕನಕಾಂಬರದಲ್ಲಿ ಡೆಲ್ಲಿ ಅನ್ನುವ ಜಾತಿ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ತಂಗಿಯ ಹಿತ್ತಿಲಿನಿಂದ ಕಡ್ಡಿ ತರಿಸಿಕೊಡುತ್ತೇನೆ. ನಡುನಡುವೆ ಪೋಣಿಸಲು ಒಂದು ಬುಡ ಮರುಗ. ಮೂಲೆಯಲ್ಲಿ ಒಂದು ಬಾಳೆ ಮರೆಯಬೇಡ, ಹೂ ಕಟ್ಟಲು ನಾರು ಬೇಡವೇ? ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ ಮಲ್ಲಿಗೆಯನ್ನು ಮುಡಿಯಲು ನನಗೆ ಮನಸ್ಸಾಗುವುದಿಲ್ಲ.

ನಿನ್ನ ಪಟ್ಟಿಯಲ್ಲಿ ದಾಸವಾಳ ಆರು ಬಣ್ಣದ್ದು ಬರೆದಿದ್ದೀಯ. ಒಂದು ಸಾಕು. ನೀರಿನಲ್ಲಿಟ್ಟರೂ ಇಡದಿದ್ದರೂ ಅದು ಸಂಜೆಗೆ ಮುದುಡುವ ಹೂ, ಬೆಳಗಿನ ಪೂಜೆಗಷ್ಟೇ. ಕಸಿ ಗುಲಾಬಿ ಕೊಳ್ಳುವಾಗ ಬಗ್ಗಿ ಬುಡ ನೋಡು. ನಾನು ಒಂದು ನರ್ಸರಿಯಿಂದ ನಾಲ್ಕು ಕೆಂಪು ಗುಲಾಬಿ ತಂದಿದ್ದೆ, ಎರಡನೆಯ ವರ್ಷಕ್ಕೆ ಮೂರು ಗಿಡ ಕಾಡುಗುಲಾಬಿಯಾಗಿ ಚಿಕ್ಕ ಚಿಕ್ಕ ಹೂ ಬಿಟ್ಟವು. ಕಸಿ ಕಟ್ಟಿದ ಗಂಟಿಗಿಂತ ಕೆಳಗೆ ಚಿಗುರಿದ್ದನ್ನು ಗಿಡ ಚೆನ್ನಾಗಿ ಬರುತ್ತಿದೆ ಅಂತ ಸಾಕಿದ್ದೆ. ಆ ಚಿಗುರು ಅಡಿಗಿಡದ್ದು, ಕಂಡ ದಿನವೇ ಬುಡಸಮೇತ ಕೀಳಬೇಕು ಅಂತ ಮಾರಿದವರು ಹೇಳಲಿಲ್ಲ.

ಇನ್ನು ಕೊಯ್ಯುವುದು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅರಳಿದ ಜೀನಿಯಾ ಒಂದನ್ನೂ ಮುಟ್ಟುತ್ತಿರಲಿಲ್ಲ, ಗಿಡದಲ್ಲಿದ್ದರೆ ನಾಲ್ಕು ದಿನ ಹೆಚ್ಚು ನೋಡಬಹುದಲ್ಲ ಅಂತ. ಅತ್ತೆ ಒಂದು ದಿನ ಏನೂ ಹೇಳದೆ ಕುಡುಗೋಲು ತಂದು ಪಾತಿಯ ಅರ್ಧಕ್ಕೆ ಅರಳಿದ್ದನ್ನೆಲ್ಲ ಕೊಯ್ದುಬಿಟ್ಟರು. ನಾನು ಒಳಗೆ ಹೋಗಿ ಅತ್ತೆ. ಮೂರು ವಾರಕ್ಕೆ ಅವರು ಕೊಯ್ದ ಅರ್ಧದಲ್ಲಿ ಹೊಸ ಕವಲಿಗೊಂದು ಮೊಗ್ಗು ನಿಂತಿತ್ತು, ನಾನು ಕಾಪಾಡಿದ ಅರ್ಧದಲ್ಲಿ ಕಂದು ಬೀಜದ ತಲೆಗಳು. ಬೀಜ ಕಟ್ಟಿದ ಗಿಡ ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ ಕಣೇ ಅಂದರು ಅತ್ತೆ.

ಬಿಸಿಲು ಏರುವ ಮುಂಚೆ ಹೋಗು, ದಂಟಿನಲ್ಲಿ ರಾತ್ರಿಯ ನೀರು ತುಂಬಿರುವ ಹೊತ್ತು. ಬಕೆಟ್ಟಿನಲ್ಲಿ ನೀರು ಜೊತೆಗೇ ಇರಲಿ, ಕೊಯ್ದದ್ದು ನೇರ ನೀರಿಗೆ ಇಳಿಯಬೇಕು. ಜೀನಿಯಾವನ್ನು ಹೂವಿನಿಂದ ಒಂದು ಗೇಣು ಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸು. ಕತ್ತು ಬಳುಕಿದರೆ ಇನ್ನೂ ಎಳೆಯದು, ಹೂದಾನಿಯಲ್ಲಿ ನಿಲ್ಲುವುದಿಲ್ಲ, ಎರಡು ದಿನ ಬಿಡು. ಕೋಲಿನ ಹಾಗೆ ಸೆಟೆದು ನಿಂತರೆ ಕೊಯ್ಯಿ. ಡೇರೆ ಪೂರ್ತಿ ಅರಳಿದ ಮೇಲೆಯೇ ಕೊಯ್ಯಬೇಕು, ಮೊಗ್ಗು ನೀರಿನಲ್ಲಿ ಅರಳದು. ಸುಗಂಧರಾಜಕ್ಕೆ ಕೆಳಗಿನ ಎರಡು ಮೂರು ಹೂ ಬಿರಿದರೆ ಸಾಕು, ಉಳಿದವು ಒಳಗೆ ದಿನಕ್ಕಿಷ್ಟು ಅಂತ ಅರಳಿಕೊಳ್ಳುತ್ತವೆ. ಹೂದಾನಿಯ ನೀರಿಗೆ ಮುಳುಗುವ ಎಲೆಯನ್ನೆಲ್ಲ ತೆಗೆದುಬಿಡು. ದಿನ ಬಿಟ್ಟು ದಿನ ನೀರು ಬದಲಿಸಿ ದಂಟಿನ ತುದಿಯನ್ನು ಒಂದು ಬೆರಳಷ್ಟು ಓರೆಯಾಗಿ ಕತ್ತರಿಸು.

ನನ್ನ ಹಳೆಯ ಸುಗಂಧರಾಜದ ಪಾತಿಯನ್ನು ಹೋದ ವಾರ ಅಗೆಸಿದೆ, ಮೂರು ವರ್ಷ ಆಗಿತ್ತು. ಗೆಡ್ಡೆಗಳನ್ನು ಬಿಡಿಸಿ ಅಟ್ಟದ ನೆರಳಿನಲ್ಲಿ ಗೋಣಿತಾಟಿನ ಮೇಲೆ ಹರಡಿದ್ದೇನೆ, ದಪ್ಪದ್ದು ಬೇರೆ, ಸಣ್ಣದು ಬೇರೆ. ದಪ್ಪದ್ದೆಲ್ಲ ನಿನಗೆ. ಯುಗಾದಿಗೆ ಬರುವಾಗ ಗಾಳಿಯಾಡುವ ಚೀಲ ತಾ, ಪ್ಲಾಸ್ಟಿಕ್ಕಿನದು ಬೇಡ, ಹಾಸನ ಮುಟ್ಟುವುದರೊಳಗೆ ಬೆವೆತುಬಿಡುತ್ತವೆ.