ಟ್ರೆಡ್‌ಮಿಲ್ ಲಾರಿ ಹತ್ತುವ ಮುನ್ನ

ಪ್ರಶ್ನೆ: ಬೆಂಗಳೂರಿನಿಂದ ಕಲಬುರಗಿಗೆ ವರ್ಗವಾಗಿದೆ. ಟ್ರೆಡ್‌ಮಿಲ್, ಡಂಬೆಲ್‌ಗಳನ್ನು ಪಾರ್ಸೆಲ್ ಲಾರಿಯಲ್ಲಿ ಕಳಿಸಬೇಕು. ಹಾಳಾಗದಂತೆ ಪ್ಯಾಕ್ ಮಾಡುವುದು ಹೇಗೆ?

ಉತ್ತರ: ಕಬ್ಬಿಣದ ಚೌಕಟ್ಟಿನ ಚಿಂತೆ ಬಿಡಿ. ಸಾಗಣೆಯಲ್ಲಿ ಬೇಗ ಪೆಟ್ಟು ತಿನ್ನುವುದು ಕನ್ಸೋಲ್ ಮತ್ತು ಅದರಿಂದ ಕಂಬದೊಳಗೆ ಇಳಿಯುವ ವೈರು. ಪ್ಲಗ್ ತೆಗೆದು, ಜೋಡಣೆಯ ಫೋಟೊ ಹಿಡಿದು, ಆಮೇಲೆ ಕನ್ಸೋಲ್ ಬಿಚ್ಚಿ. ವೈರು ಎಳೆಯಬೇಡಿ, ಕನೆಕ್ಟರ್ ಹಿಡಿದು ಬಿಡಿಸಿ. ಕಂಬದಲ್ಲಿ ಉಳಿದ ತುದಿಯನ್ನು ಟೇಪಿನಿಂದ ಹೊರಗೆ ಅಂಟಿಸಿ. ಒಳಗೆ ಜಾರಿದರೆ ಹೊರತೆಗೆಯಲು ಮೆಕ್ಯಾನಿಕ್ಕೇ ಬೇಕು. ಪರದೆಗೆ ತೆಳು ಫೋಮ್ ಹಾಳೆ, ಮೇಲೆ ಬಬಲ್ ರ‍್ಯಾಪ್, ಆಮೇಲೆ ರಟ್ಟಿನ ಡಬ್ಬ. ಅಲ್ಲಾಡಿಸಿದರೆ ಒಳಗೆ ಏನೂ ಸರಿದಾಡಬಾರದು. ಸಾಧ್ಯವಾದರೆ ಈ ಡಬ್ಬ ನಿಮ್ಮ ಜೊತೆಯಲ್ಲೇ ಬರಲಿ.

ಮಡಿಸುವ ಯಂತ್ರವಾದರೆ ಲಾಕನ್ನಷ್ಟೇ ನಂಬದೆ ಪಟ್ಟಿಯಿಂದಲೂ ಬಿಗಿಯಿರಿ. ನಟ್ಟು, ಬೋಲ್ಟು, ಸೇಫ್ಟಿ ಕೀ ಎಲ್ಲ ಒಂದೇ ಕವರಿಗೆ.

ಡಂಬೆಲ್‌ಗಳನ್ನು ಒಂದೇ ಡಬ್ಬಕ್ಕೆ ತುಂಬಿದರೆ ತಳ ಕಿತ್ತುಬರುತ್ತದೆ. ಗೋಣಿಯಲ್ಲಿ ಸುತ್ತಿ ಸಣ್ಣ ಡಬ್ಬಗಳಿಗೆ ಹಂಚಿ, ಕನ್ಸೋಲಿನ ಹತ್ತಿರ ಸುಳಿಯಗೊಡಬೇಡಿ. ‘ಎಚ್ಚರಿಕೆ’ ಚೀಟಿಯನ್ನು ಲೋಡಿಂಗ್ ಗಡಿಬಿಡಿಯಲ್ಲಿ ಯಾರಾದರೂ ಓದುತ್ತಾರೆಂಬ ಭರವಸೆ ನನಗಿಲ್ಲ. ಖರ್ಚಾದರೂ ಟ್ರೆಡ್‌ಮಿಲ್‌ಗೆ ಮರದ ಚೌಕಟ್ಟು ಹೊಡೆಸಿ.

ಬುಕಿಂಗ್ ರಸೀದಿಯಲ್ಲಿ ಸಾಮಾನಿನ ನಿಜಬೆಲೆ ಬರೆಸಿ. ಇಳಿಸಿಕೊಳ್ಳುವಾಗ ಪೆಟ್ಟು ಕಂಡರೆ ಸಹಿಗೆ ಮುನ್ನ ಅದನ್ನೂ ನಮೂದಿಸಿ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡದಿದ್ದರೆ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ.